ಬೆಟ್ಟವನ್ನು ಓದುವ ಹೊಸ ವಿದ್ಯೆ ಮತ್ತು ನಾವು

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನಡೆದ ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕೃಷಿ ವಿಜ್ಞಾನ ಓದಿದವನಿಗೆ ಖನಿಜಾನ್ವೇಷಣೆಯ ವಿಷಯವೇಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಕಾರಣ ಸರಳವಾಗಿದೆ. ಅದಿರನ್ನು ಅರಸುವ ಭೂವಿಜ್ಞಾನಿಯೂ ಬೆಳೆಯನ್ನು ನಂಬಿದ ರೈತನೂ ಓದುವುದು ಒಂದೇ ಮಣ್ಣನ್ನು. ಅವರಿಗೆ ಮಣ್ಣು ಕೆಳಗಿನ ಬಂಡೆಯ ಸುದ್ದಿಯನ್ನು ಹೇಳುತ್ತದೆ. ನಮಗೆ ಅದೇ ಅನ್ನವನ್ನು ಕೊಡುತ್ತದೆ. ಒಂದೇ ಪುಸ್ತಕವನ್ನು ಇಬ್ಬರು ಓದುತ್ತಿರುವಾಗ ಒಬ್ಬರ ಓದಿನ ಕ್ರಮ ಇನ್ನೊಬ್ಬರಿಗೆ ತಿಳಿಯದಿರುವುದು ಕ್ಷೇಮಕರವಲ್ಲ.

ಹಿಂದೆ ಈ ಓದು ಎಲ್ಲರ ಕಣ್ಣೆದುರಿಗೇ ನಡೆಯುತ್ತಿತ್ತು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಸ್ಥಾಪನೆಯಾದದ್ದು 1894ರಲ್ಲಿ. ಅದರ ಅಧಿಕಾರಿಗಳು ಸುತ್ತಿಗೆ, ದಿಕ್ಸೂಚಿ, ನಕಾಶೆಗಳನ್ನು ಹಿಡಿದು ಬೆಟ್ಟ ಹತ್ತುತ್ತಿದ್ದರು. ಕುದುರೆಮುಖದ ಕಬ್ಬಿಣದ ಅದಿರನ್ನು ಆ ಇಲಾಖೆಯ ಸಂಪತ್ ಅಯ್ಯಂಗಾರ್ಯರು 1913ರಲ್ಲಿ ಗುರುತಿಸಿದ್ದು ಹೀಗೆ ನಡೆದೇ. ನಡೆದು ಬಂದವನು ದಾರಿ ಕೇಳಬೇಕು, ನೀರು ಕೇಳಬೇಕು, ಯಾರದಾದರೂ ಜಗಲಿಯಲ್ಲಿ ಕೂರಬೇಕು. ಆದ್ದರಿಂದ ಬೆಟ್ಟವನ್ನು ಯಾರೋ ನೋಡುತ್ತಿದ್ದಾರೆಂಬುದು ಊರಿಗೆ ಮೊದಲ ದಿನವೇ ತಿಳಿಯುತ್ತಿತ್ತು. ಇಂದು ಆ ಕ್ರಮ ಬದಲಾಗಿದೆ. ಮೊದಲ ಓದು ಆಕಾಶದಿಂದ ಹಾಗೂ ಗಣಕಯಂತ್ರದ ಮುಂದೆ ನಡೆಯುತ್ತದೆ. ಊರಿಗೆ ತಿಳಿಯುವ ಹೊತ್ತಿಗೆ ಬಹಳಷ್ಟು ಕೆಲಸ ಮುಗಿದಿರುತ್ತದೆ.

ಮೊದಲಿಗೆ ಸಾಧನಗಳ ಪರಿಚಯ ಮಾಡಿಕೊಳ್ಳೋಣ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು 2017ರಲ್ಲಿ ರಾಷ್ಟ್ರೀಯ ವೈಮಾನಿಕ ಭೂಭೌತಿಕ ಸಮೀಕ್ಷೆಯನ್ನು ಆರಂಭಿಸಿತು. ವಿಮಾನವು ನೇಗಿಲ ಸಾಲಿನಂತೆ ಸಮಾನ ಅಂತರದ ಗೆರೆಗಳಲ್ಲಿ ತಗ್ಗಾಗಿ ಹಾರುತ್ತ ಎರಡು ಸಂಗತಿಗಳನ್ನು ಅಳೆಯುತ್ತದೆ. ಒಂದು, ನೆಲದ ಕಾಂತತ್ವ. ಕುದುರೆಮುಖದಲ್ಲಿರುವಂತಹ ಮ್ಯಾಗ್ನಟೈಟ್ ಅದಿರು ಆಳದಲ್ಲಿದ್ದರೂ ಭೂಮಿಯ ಕಾಂತಕ್ಷೇತ್ರವನ್ನು ಕೊಂಚ ಏರುಪೇರು ಮಾಡುತ್ತದೆ. ಉಪಕರಣ ಅದನ್ನು ದಾಖಲಿಸುತ್ತದೆ. ಇನ್ನೊಂದು, ನೆಲದಿಂದ ಹೊಮ್ಮುವ ಗಾಮಾ ಕಿರಣ. ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಎಷ್ಟಿವೆ ಎಂಬುದನ್ನು ಅದು ತಿಳಿಸುತ್ತದೆ. ಆದರೆ ಈ ಕಿರಣಗಳು ಹೊರಬರುವುದು ನೆಲದ ಮೇಲ್ಭಾಗದ ಒಂದು, ಒಂದೂವರೆ ಅಡಿಯಿಂದ ಮಾತ್ರ. ಅಂದರೆ ವಿಮಾನವು ಓದುತ್ತಿರುವುದು ಬಂಡೆಗಿಂತ ಹೆಚ್ಚಾಗಿ ನಮ್ಮ ಬೇರುಗಳು ಹರಡಿರುವ ಮಣ್ಣನ್ನೇ.

ಹೆಲಿಕಾಪ್ಟರಿನ ಕೆಳಗೆ ದೊಡ್ಡ ತಂತಿಬಳೆಯೊಂದನ್ನು ತೂಗುಬಿಟ್ಟು ಮಾಡುವ ವಿದ್ಯುತ್ಕಾಂತೀಯ ಸಮೀಕ್ಷೆ ಮತ್ತೊಂದು ಬಗೆ. ಬಳೆಯು ನೆಲಕ್ಕೆ ಮಿಡಿತಗಳನ್ನು ಕಳುಹಿಸುತ್ತದೆ. ವಿದ್ಯುತ್ತನ್ನು ಸಲೀಸಾಗಿ ಹರಿಯಬಿಡುವ ಗಂಧಕಯುಕ್ತ ಅದಿರುಗಳು ಅದಕ್ಕೆ ಮರುದನಿ ಕೊಡುತ್ತವೆ. ಉಪ್ಪುನೀರು, ಜೇಡಿಪದರ, ಗ್ರಾಫೈಟ್ ಕೂಡ ಅಂತಹುದೇ ದನಿ ಕೊಡುತ್ತವೆ ಎಂಬುದನ್ನು ಮರೆಯಬಾರದು. ಬೆಳಕನ್ನು ನೂರಾರು ಸೂಕ್ಷ್ಮ ಬಣ್ಣಗಳಾಗಿ ಬಿಡಿಸಿ ಚಿತ್ರ ತೆಗೆಯುವ ಸಾಧನವೂ ಬಂದಿದೆ. 2015-16ರಲ್ಲಿ ಇಸ್ರೋ ಮತ್ತು ನಾಸಾ ಜಂಟಿಯಾಗಿ, ನಾಲ್ಕುನೂರಕ್ಕೂ ಹೆಚ್ಚು ಬಣ್ಣಪಟ್ಟಿಗಳನ್ನು ಗ್ರಹಿಸುವ ಇಂತಹ ಉಪಕರಣವನ್ನು ವಿಮಾನದಲ್ಲಿಟ್ಟು ನಮ್ಮ ದೇಶದ ಹಲವು ತಾಣಗಳ ಮೇಲೆ ಹಾರಿಸಿದವು. ಬೋಳು ನೆಲದಲ್ಲಿ ಇದು ಜೇಡಿ ಖನಿಜಗಳನ್ನೂ ಕಬ್ಬಿಣದ ತುಕ್ಕನ್ನೂ ಗುರುತಿಸಬಲ್ಲದು. ಮಲೆನಾಡಿನಲ್ಲಿ ಅದಕ್ಕೆ ಕಾಣುವುದು ಎಲೆ ಮಾತ್ರ. ಕಾನು ದಟ್ಟವಾಗಿರುವಷ್ಟು ಕಾಲ ಬಂಡೆ ಮುಚ್ಚಿಯೇ ಇರುತ್ತದೆ.

ಆದರೆ ಎಲೆಯೂ ಸುದ್ದಿ ಹೇಳಬಲ್ಲದು. ಆಸ್ಟ್ರೇಲಿಯದ ವಿಜ್ಞಾನಿಗಳು 2013ರಲ್ಲಿ, ನೀಲಗಿರಿ ಮರದ ಬೇರುಗಳು ಸುಮಾರು 30 ಮೀಟರ್ ಆಳದ ಚಿನ್ನದ ಕಣಗಳನ್ನು ಎಲೆಗೆ ಏರಿಸಿರುವುದನ್ನು ತೋರಿಸಿದರು. ಹುತ್ತದ ಮಣ್ಣನ್ನು ಪರೀಕ್ಷಿಸಿ ಅದಿರಿನ ಸುಳಿವು ಹಿಡಿಯುವ ಪದ್ಧತಿಯೂ ಇದೆ. ಇದು ನಮಗೆ ತೀರ ಹೊಸದಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮರ ಮತ್ತು ಹುತ್ತಗಳ ಗುರುತಿನಿಂದ ಅಂತರ್ಜಲವನ್ನು ಹುಡುಕುವ ಬಗೆಯನ್ನು ಹೇಳುವ ಅಧ್ಯಾಯವೇ ಇದೆ.

ಇನ್ನು ಹಳ್ಳದ ಮರಳು. ಸರ್ವೇಕ್ಷಣಾ ಸಂಸ್ಥೆಯ ಭೂರಾಸಾಯನಿಕ ನಕಾಶೆ ಕಾರ್ಯದಲ್ಲಿ ಪ್ರತಿ ಚದರ ಕಿಲೋಮೀಟರಿಗೆ ಒಂದರಂತೆ ಹಳ್ಳಗಳ ಸಣ್ಣ ಹೂಳನ್ನು ಸಂಗ್ರಹಿಸುತ್ತಾರೆ. ಅಂತಹ ನಾಲ್ಕನ್ನು ಬೆರೆಸಿ ಒಂದು ಮಾದರಿ ಮಾಡಿ ಅರುವತ್ತಕ್ಕೂ ಹೆಚ್ಚು ಮೂಲವಸ್ತುಗಳಿಗಾಗಿ ಪರೀಕ್ಷಿಸುತ್ತಾರೆ. ಇಡೀ ಗುಡ್ಡದ ಮಣ್ಣು ತೊಳೆದು ಹಳ್ಳಕ್ಕೇ ಬರುವುದರಿಂದ ಹಳ್ಳದ ಒಂದು ಹಿಡಿ ಹೂಳು ಮೇಲಿನ ಗುಡ್ಡದ ಸಾರಾಂಶ.

ಈ ಎಲ್ಲ ಮಾಹಿತಿಯನ್ನು ಒಟ್ಟುಗೂಡಿಸಿ ನೋಡುವುದು ಎರಡನೆಯ ಹಂತ. ಕಾಂತತ್ವದ ನಕಾಶೆ, ಹಳ್ಳದ ಹೂಳಿನ ನಕಾಶೆ, ಬಂಡೆಯ ನಕಾಶೆ, ಹಳೆಯ ಕೊರೆತಗಳ ದಾಖಲೆ, ಇವನ್ನು ಒಂದರ ಮೇಲೊಂದು ಇಡುತ್ತಾರೆ. ಈಗಾಗಲೇ ಅದಿರು ಸಿಕ್ಕ ಜಾಗಗಳ ಲಕ್ಷಣವನ್ನು ಗಣಕಯಂತ್ರಕ್ಕೆ ಕಲಿಸಿ, ಅದೇ ಲಕ್ಷಣ ಬೇರೆಲ್ಲಿದೆ ಹುಡುಕು ಎನ್ನುತ್ತಾರೆ. ಕೆನಡಾದ ರೆಡ್ ಲೇಕ್ ಎಂಬಲ್ಲಿ ಚಿನ್ನದ ಗಣಿ ನಡೆಸುತ್ತಿದ್ದ ಗೋಲ್ಡ್‌ಕಾರ್ಪ್ ಕಂಪನಿ 2000ನೆಯ ಇಸವಿಯಲ್ಲಿ ತನ್ನ ಗಣಿಯ ಸಮಸ್ತ ದಾಖಲೆಗಳನ್ನು ಜಗತ್ತಿಗೆ ತೆರೆದಿಟ್ಟು, ಚಿನ್ನ ಎಲ್ಲಿದೆ ತಿಳಿಸಿರೆಂದು 5,75,000 ಡಾಲರ್ ಬಹುಮಾನ ಘೋಷಿಸಿತು. ಮೊದಲ ಬಹುಮಾನ ಪಡೆದ ತಂಡ ಕೆಲಸ ಮಾಡಿದ್ದು ದೂರದ ಆಸ್ಟ್ರೇಲಿಯದಲ್ಲಿ ಕುಳಿತು. ಮೆಟ್ಟಿ ನೋಡದ ಬೆಟ್ಟದ ಬಗ್ಗೆಯೂ ಖಚಿತವಾಗಿ ಮಾತಾಡಬಹುದೆಂಬುದು ಅಂದೇ ಸಾಬೀತಾಯಿತು.

ಈ ವಿದ್ಯೆಯನ್ನು ನಾನು ಹಳಿಯುವುದಿಲ್ಲ. ಸುಮ್ಮನೆ ನೂರಾರು ಕಡೆ ಕೊರೆಯುವುದಕ್ಕಿಂತ ಮೇಲಿನಿಂದ ನೋಡಿ ನಾಲ್ಕೇ ಕಡೆ ಕೊರೆಯುವುದು ಕಾಡಿಗೂ ಒಳಿತು. ಬ್ಯಾಟರಿಗೆ ಲಿಥಿಯಂ ಬೇಕು, ತಂತಿಗೆ ತಾಮ್ರ ಬೇಕು; ನಮ್ಮ ಮನೆಗಳಿಗೂ ಬೇಕು. ಆದರೆ ನಕಾಶೆಯ ಮೇಲಿನ ಕೆಂಪು ಮಚ್ಚೆ ಎಂದರೆ ಅದಿರು ಎಂದು ತಿಳಿಯಬಾರದು. ಅದು ಇಲ್ಲಿ ಏನೋ ವ್ಯತ್ಯಾಸವಿದೆ ಎಂಬ ಸೂಚನೆ ಮಾತ್ರ.

ನಮ್ಮ ದೇಶದಲ್ಲಿ ಅನ್ವೇಷಣೆಗೆ ನಾಲ್ಕು ಹಂತಗಳಿವೆ. ಜಿ-4 ಎಂದರೆ ಮೇಲುನೋಟ, ಜಿ-3 ಪ್ರಾಥಮಿಕ, ಜಿ-2 ಸಾಮಾನ್ಯ, ಜಿ-1 ಸವಿವರ ಅನ್ವೇಷಣೆ. ಸಂಖ್ಯೆ ಇಳಿದಂತೆ ಖಚಿತತೆ ಏರುತ್ತದೆ. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಲಿಥಿಯಂ ಇದೆಯೆಂಬ ಸುದ್ದಿ 2020ರಲ್ಲಿ ಬಂದಾಗ ಪತ್ರಿಕೆಗಳು 14,100 ಟನ್ ಎಂದು ಬರೆದವು. 2021ರಲ್ಲಿ ಅಣುಖನಿಜ ನಿರ್ದೇಶನಾಲಯದ ಪ್ರಾಥಮಿಕ ಅಂದಾಜು ಹೊರಬಿದ್ದಾಗ ಅದು 1,600 ಟನ್ ಆಗಿತ್ತು. ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಎಂದು 2023ರಲ್ಲಿ ಪ್ರಕಟವಾಯಿತು. ಹರಾಜಿಗಿಟ್ಟಾಗ ಸಾಕಷ್ಟು ಬಿಡ್ಡುದಾರರು ಬಾರದೆ 2024ರಲ್ಲಿ ಹರಾಜು ರದ್ದಾಯಿತು. ಮೊದಲ ಅಂಕಿಯನ್ನು ನಂಬಿ ಭೂಮಿ ಮಾರುವವನೂ, ಮೊದಲ ಅಂಕಿಗೆ ಬೆದರಿ ಊರು ಬಿಡಲು ಯೋಚಿಸುವವನೂ ಸಮಾನವಾಗಿ ಮೋಸಹೋಗುತ್ತಾರೆ.

ಇಲ್ಲಿಯೇ ನಮ್ಮ ಪಾಲಿನ ಗಂಡಾಂತರವೂ ಇದೆ. 2021ರ ನಿಯಮ ತಿದ್ದುಪಡಿಯ ನಂತರ ಜಿ-4 ಮಟ್ಟದ ತೆಳು ಮಾಹಿತಿಯ ಮೇಲೆಯೇ ಅನ್ವೇಷಣೆ ಮತ್ತು ಗಣಿಗಾರಿಕೆ ಎರಡಕ್ಕೂ ಸೇರಿದ ಸಂಯುಕ್ತ ಪರವಾನಗಿಯನ್ನು ಹರಾಜು ಹಾಕಬಹುದಾಗಿದೆ. 2023ರ ಗಣಿ ಕಾಯಿದೆ ತಿದ್ದುಪಡಿ 29 ಖನಿಜಗಳಿಗೆ ಖಾಸಗಿಯವರು ಪಡೆಯಬಹುದಾದ ಅನ್ವೇಷಣಾ ಪರವಾನಗಿಯನ್ನು ತಂದಿತು. ಅದೇ ವರ್ಷದ ಅರಣ್ಯ ಕಾಯಿದೆ ತಿದ್ದುಪಡಿಯಂತೆ, ಕಾಡಿನೊಳಗಿನ ಅನ್ವೇಷಣೆಯನ್ನು ಅರಣ್ಯೇತರ ಬಳಕೆಯೆಂದು ಪರಿಗಣಿಸದಿರಲು ಕೇಂದ್ರ ಸರ್ಕಾರ ಷರತ್ತುಗಳೊಡನೆ ಆದೇಶಿಸಬಹುದು. 2025ರ ಸೆಪ್ಟೆಂಬರಿನಲ್ಲಿ ಪರಿಸರ ಸಚಿವಾಲಯವು ಅಣುಖನಿಜಗಳು ಮತ್ತು ನಿರ್ಣಾಯಕ ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ನೀಡಿತು. ಇವನ್ನು ಒಟ್ಟಿಗೆ ಓದಿ ನೋಡಿ. ಊರಿಗೆ ತಿಳಿಯದಂತೆ ಆರಂಭವಾಗುವ ಓದು, ಕೆಲವು ಖನಿಜಗಳ ವಿಷಯದಲ್ಲಿ ಊರನ್ನು ವಿಚಾರಿಸದೆಯೇ ಗಣಿಯವರೆಗೆ ಸಾಗಬಹುದು. ಅಹವಾಲು ಸಭೆ ಕರೆಯುತ್ತಾರೆ, ಆಗ ಮಾತಾಡೋಣ ಎಂದು ಕಾಯುವ ಕಾಲ ಇದಲ್ಲ.

ನಕಾಶೆಯ ಇನ್ನೊಂದು ಮಿತಿಯನ್ನು ಗಮನಿಸಬೇಕು. ಅದಿರಿನ ಸಾಧ್ಯತೆಯ ನಕಾಶೆಯಲ್ಲಿ ಹತ್ತಾರು ಪದರಗಳಿದ್ದರೂ ಬೇಸಿಗೆಯಲ್ಲಿ ಬತ್ತದ ಅಬ್ಬಿಯ ಪದರವಿಲ್ಲ, ಸೊಪ್ಪಿನಬೆಟ್ಟದ ಪದರವಿಲ್ಲ, ಅಡಿಕೆ ತೋಟಕ್ಕೆ ನೀರು ತರುವ ಕಾಲುವೆಯ ಪದರವಿಲ್ಲ. ಲೆಕ್ಕದಲ್ಲಿ ಬಾರದ್ದನ್ನು ಗಣಕಯಂತ್ರ ಸೊನ್ನೆಯೆಂದೇ ಭಾವಿಸುತ್ತದೆ. ಇದರ ಅನುಭವ ನಮಗಿದೆ. ಕಸ್ತೂರಿರಂಗನ್ ಸಮಿತಿ 2013ರಲ್ಲಿ ಉಪಗ್ರಹ ಚಿತ್ರಗಳ ಆಧಾರದಿಂದ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿದಾಗ, ತೋಟವನ್ನೂ ಕಾಡೆಂದು ತೋರಿಸಲಾಗಿದೆ ಎಂಬ ಆಕ್ಷೇಪ ಮಲೆನಾಡಿನಲ್ಲಿ ವ್ಯಾಪಕವಾಗಿ ಕೇಳಿಬಂತು. ಮೇಲಿನಿಂದ ನೋಡಿದ್ದನ್ನು ಕೆಳಗೆ ನಿಂತವರು ತಾಳೆನೋಡಬೇಕೆಂಬ ಆ ವಾದ ಸಂರಕ್ಷಣೆಯ ನಕಾಶೆಗೆ ಹೇಗೋ ಗಣಿಯ ನಕಾಶೆಗೂ ಹಾಗೆಯೇ ಅನ್ವಯಿಸುತ್ತದೆ.

ಕುದುರೆಮುಖದ ಪಾಠವೂ ಇದೇ. ಅದಿರಿನ ಲೆಕ್ಕ ಅಲ್ಲಿ ಸರಿಯಾಗಿಯೇ ಇತ್ತು. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಆ ಶ್ರೇಣಿಯಲ್ಲಿ ಮಳೆಗಾಲದ ಹೂಳು ಎಲ್ಲಿಗೆ ಹೋಗುತ್ತದೆಂಬ ಲೆಕ್ಕ ಮೊದಲ ನಕಾಶೆಯಲ್ಲಿರಲಿಲ್ಲ. ಅದನ್ನು ಜನರು, ಪರಿಸರಾಸಕ್ತರು, ವಿಜ್ಞಾನಿಗಳು ತಡವಾಗಿ ಸೇರಿಸಬೇಕಾಯಿತು. ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ತೀರ್ಪು ನೀಡಿ, 2005ರ ಅಂತ್ಯಕ್ಕೆ ಗಣಿ ನಿಲ್ಲುವ ವೇಳೆಗೆ ಎರಡೂವರೆ ದಶಕಗಳ ಅಗೆತ ನಡೆದುಹೋಗಿತ್ತು.

ಹಾಗಾದರೆ ನಾವು ಮಾಡಬೇಕಾದ್ದೇನು? ಮೊದಲನೆಯದಾಗಿ, ಈ ಮಾಹಿತಿ ಗುಟ್ಟಿನದಲ್ಲ. ಸರ್ವೇಕ್ಷಣಾ ಸಂಸ್ಥೆಯ ಭೂಕೋಶ ಜಾಲತಾಣದಲ್ಲಿಯೂ, 2023ರ ಡಿಸೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರದಲ್ಲಿಯೂ ನಕಾಶೆ ಮತ್ತು ವರದಿಗಳನ್ನು ಸಾರ್ವಜನಿಕರು ನೋಡಬಹುದು. ಕಂಪನಿಗಳಿಗಾಗಿ ತೆರೆದ ಬಾಗಿಲು ನಮಗೂ ತೆರೆದಿದೆ. ವಿದ್ಯಾರ್ಥಿ ಮಿತ್ರರು ತಮ್ಮ ಊರಿನ ನಕಾಶೆಯನ್ನು ತೆಗೆದು, ಯಾವ ಹಂತದ ಅನ್ವೇಷಣೆ ನಡೆದಿದೆ, ಯಾವ ಖನಿಜಕ್ಕಾಗಿ ಎಂಬುದನ್ನು ಕನ್ನಡದಲ್ಲಿ ಒಂದು ಪುಟ ಬರೆದು ಗ್ರಾಮಸಭೆಯಲ್ಲಿ ಓದಬೇಕು.

ಎರಡನೆಯದಾಗಿ, ಅದೇ ಮಾಹಿತಿಯನ್ನು ಬೇಸಾಯಕ್ಕೂ ಬಳಸಬೇಕು. ಹಳ್ಳದ ಹೂಳಿನ ನಕಾಶೆಯಲ್ಲಿ ಸತು, ತಾಮ್ರ, ಮ್ಯಾಂಗನೀಸಿನ ವಿವರಗಳಿವೆ. ಅದು ಒಟ್ಟು ಪ್ರಮಾಣವನ್ನು ಹೇಳುತ್ತದೆಯೇ ಹೊರತು ಗಿಡಕ್ಕೆ ದಕ್ಕುವ ಪ್ರಮಾಣವನ್ನಲ್ಲ. ನಮ್ಮ ಹುಳಿಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳು ರಂಜಕವನ್ನು ಬಿಗಿಹಿಡಿಯುವುದರಿಂದ ಈ ವ್ಯತ್ಯಾಸ ದೊಡ್ಡದು. ಆದರೂ 2015ರಿಂದ ವಿತರಿಸಲಾಗುತ್ತಿರುವ ಮಣ್ಣು ಆರೋಗ್ಯ ಚೀಟಿಯೊಡನೆ ಇಟ್ಟು ನೋಡಿದರೆ, ಕೊರತೆ ಬಂಡೆಯಿಂದಲೇ ಬಂದದ್ದೋ ನಮ್ಮ ಬೇಸಾಯದಿಂದ ಬಂದದ್ದೋ ಎಂಬುದರ ಸುಳಿವು ಸಿಗುತ್ತದೆ. ಗಣಿ ಬರಲಿ ಬಿಡಲಿ, ಇಂದಿನ ಹಳ್ಳದ ಹೂಳು ಮತ್ತು ನೀರಿನ ದಾಖಲೆ ನಾಳೆಯ ಮಾಲಿನ್ಯವನ್ನು ಅಳೆಯಲು ಬೇಕಾದ ಅಳತೆಗೋಲು. ಮೊದಲು ಹೇಗಿತ್ತೆಂದು ತೋರಿಸಲಾಗದವರ ದೂರು ನಿಲ್ಲುವುದು ಕಷ್ಟ.

ಮೂರನೆಯದಾಗಿ, ನಕಾಶೆಯಲ್ಲಿಲ್ಲದ ಪದರವನ್ನು ನಾವೇ ಬರೆಯಬೇಕು. 2002ರ ಜೀವವೈವಿಧ್ಯ ಕಾಯಿದೆಯಡಿ ಪಂಚಾಯತಿಯ ಜೀವವೈವಿಧ್ಯ ಸಮಿತಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ಅನೇಕ ಕಡೆ ಅದು ಕಪಾಟಿನಲ್ಲಿ ಮಲಗಿರುವ ಕಡತ. ಅದನ್ನು ಎಬ್ಬಿಸಿ. ಪ್ರತಿಯೊಂದು ಒರತೆ, ಅಬ್ಬಿ, ಕೆರೆ, ದೇವರಕಾಡು, ಮೇವಿನ ಬ್ಯಾಣಗಳನ್ನು ಮೊಬೈಲ್ ಫೋನಿನ ಅಕ್ಷಾಂಶ ರೇಖಾಂಶ ಸಹಿತ ಗುರುತಿಸಿ. ಯಾವ ತಿಂಗಳಿನವರೆಗೆ ನೀರಿರುತ್ತದೆ, ಎಷ್ಟು ಮನೆಗಳು ಅದನ್ನು ನಂಬಿವೆ ಎಂದು ಬರೆಯಿರಿ. ಹಿರಿಯರಿಗೆ ಜಾಗ ಗೊತ್ತು, ಮಕ್ಕಳಿಗೆ ಫೋನು ಗೊತ್ತು. ಇಬ್ಬರೂ ಜತೆಯಾಗಿ ನಡೆದರೆ ಒಂದು ಬೇಸಿಗೆಯಲ್ಲಿ ಒಂದು ಊರಿನ ಕೆಲಸ ಮುಗಿಯುತ್ತದೆ. ಗ್ರಾಮಸಭೆಯಲ್ಲಿ ಅಂಗೀಕರಿಸಿ ನಡಾವಳಿಯಲ್ಲಿ ದಾಖಲಿಸಿದರೆ, ಮುಂದೆ ಯಾವ ಕಚೇರಿಯಲ್ಲಾಗಲಿ ನ್ಯಾಯಾಲಯದಲ್ಲಾಗಲಿ ಇದು ಬರಿಯ ಬಾಯಿಮಾತಾಗಿ ಉಳಿಯುವುದಿಲ್ಲ.

ವಿದ್ಯೆಗೆ ವಿದ್ಯೆಯಿಂದಲೇ ಉತ್ತರ ಕೊಡಬೇಕು. ಘೋಷಣೆ ಕೂಗುವ ದಿನ ಬಂದರೆ ಕೂಗೋಣ. ಅಂದು ನಮ್ಮ ಕೈಯಲ್ಲಿಯೂ ಒಂದು ನಕಾಶೆ ಇರಬೇಕು. ಈ ಬೇಸಿಗೆಯಲ್ಲಿ ಶಿಬಿರಕ್ಕೆ ಬಂದಿರುವ ಪ್ರತಿ ಊರಿನವರೂ ತಮ್ಮ ಒರತೆಗಳ ಪಟ್ಟಿಯನ್ನು ಆರಂಭಿಸಬೇಕೆಂದು ಕೋರುತ್ತೇನೆ.