ಬಾಗಿಲಲ್ಲಿ ಕಾಯುವ ಮೀನು

ಮಲ್ಪೆಯ ಬಂದರಿನಲ್ಲಿ ಇಳಿದ ಬಂಗುಡೆ ಘಟ್ಟವನ್ನೇರಿ ನಮ್ಮ ಬೇಗೂರಿನ ಮೀನಂಗಡಿಗೆ ಬರುವಾಗ ಯಾವ ಸುಂಕದ ಕಟ್ಟೆಯಲ್ಲಿಯೂ ನಿಲ್ಲುವುದಿಲ್ಲ. ಒಂದೇ ಮಾರುಕಟ್ಟೆಯ ಒಳಗಿರುವವರಿಗೆ ಬಾಗಿಲೆಂಬುದು ಕಾಣಿಸುವುದೇ ಇಲ್ಲ.

ಸ್ಕಾಟ್ಲೆಂಡಿನ ಬೆಸ್ತರಿಗೆ ಅದು ಕಾಣಿಸಿದ್ದು 2021ರ ಜನವರಿಯಲ್ಲಿ. ಬ್ರಿಟನ್ ಐರೋಪ್ಯ ಒಕ್ಕೂಟವನ್ನು 2020ರ ಜನವರಿ 31ರಂದೇ ತೊರೆದಿದ್ದರೂ ಹಳೆಯ ವ್ಯವಸ್ಥೆ ಆ ವರ್ಷದ ಕೊನೆಯವರೆಗೆ ನಡೆದಿತ್ತು. ಅನಂತರದ ಒಪ್ಪಂದದಿಂದಾಗಿ ಮೀನಿನ ಮೇಲೆ ಸುಂಕವೇನೋ ಬೀಳಲಿಲ್ಲ. ಆದರೆ ಕಾಗದಗಳು ಬಂದವು. ಆರೋಗ್ಯಪತ್ರ, ಮೀನು ಹಿಡಿದುದರ ಪ್ರಮಾಣಪತ್ರ, ಸುಂಕದ ಕಚೇರಿಗೆ ಘೋಷಣೆ. ಹತ್ತು ಮಂದಿಯ ಸರಕು ಹೇರಿದ ಲಾರಿಯಲ್ಲಿ ಒಬ್ಬನ ಕಾಗದ ತಪ್ಪಿದ್ದರೂ ಇಡೀ ಲಾರಿ ನಿಲ್ಲಬೇಕಾಯಿತು. ಜೀವಂತ ಏಡಿ, ಸಿಗಡಿಗಳು ಕಾಯಲಾರವು. ಇತ್ತ ಒಕ್ಕೂಟದಲ್ಲೇ ಉಳಿದ ಐರ್ಲೆಂಡಿನ ಅನೇಕ ಲಾರಿಗಳು ಬ್ರಿಟನ್ನಿನ ಹಾದಿಯನ್ನೇ ಬಿಟ್ಟು, ರಾಸ್‌ಲೇರ್ ಬಂದರಿನಿಂದ ನೇರವಾಗಿ ಫ್ರಾನ್ಸಿಗೆ ಹಡಗೇರಿದವು.

ಮಂಗಳೂರಿನ ರಫ್ತುದಾರರಿಗೆ ಇದಾವುದೂ ಹೊಸತಲ್ಲ. ಅವರು ಎಂದೂ ಆ ಬಾಗಿಲ ಹೊರಗಿನವರೇ. 1997ರಲ್ಲಿ ಶುಚಿತ್ವದ ಕಾರಣಕ್ಕೆ ಒಕ್ಕೂಟವು ಭಾರತದ ಮೀನನ್ನು ಕೆಲಕಾಲ ತಡೆದಿತ್ತು. ಕಡಲಿನಲ್ಲಿ ಹಿಡಿದ ಮೀನಿಗೆ 2010ರಿಂದ ಪ್ರಮಾಣಪತ್ರ ಕಡ್ಡಾಯವಾಯಿತು. ಬೊಂಡಾಸವನ್ನು ಹೆಪ್ಪುಗಟ್ಟಿಸಿ ಕಂಟೇನರಿನಲ್ಲಿ ಕಳಿಸುವವರು ತಡವನ್ನು ತಾಳಿಯಾರು, ಖರ್ಚನ್ನು ಹಂಚಿಕೊಂಡಾರು. ಅಂದಿನ ಹಿಡಿತವನ್ನು ಅಂದೇ ಮಾರಬೇಕಾದ ಸಣ್ಣ ದೋಣಿಯವನಿಗೆ ಆ ಅನುಕೂಲವಿಲ್ಲ.

ಆದುದರಿಂದ ಒಕ್ಕೂಟವನ್ನು ಸೇರುವ ಅಥವಾ ಬಿಡುವ ಮಾತು ಬಂದಾಗ ಸುಂಕದ ದರವೊಂದನ್ನೇ ಎಣಿಸಿದರೆ ಸಾಲದು. ಬಾಗಿಲಲ್ಲಿ ಕಾಯುವ ಹೊತ್ತನ್ನೂ, ಆ ಹೊತ್ತಿನಲ್ಲಿ ಕರಗುವ ಮಂಜುಗಡ್ಡೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.