ಮನೆಯಲ್ಲಿ ಕಟ್ಟಿದ ಧ್ವನಿವರ್ಧಕ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರೆನಿಸಿಕೊಂಡವರು ವೇದಿಕೆಯನ್ನೇರಿದರೆ ಪಂಪ, ಕುಮಾರವ್ಯಾಸರ ಮಾತು ಬಂದೇ ಬರುವುದೆಂದು ತಾವು ಎದುರುನೋಡುವುದು ಸಹಜವೇ ಆಗಿದೆ. ಆ ನಿರೀಕ್ಷೆಯನ್ನು ಇಂದು ಭಂಗಪಡಿಸುತ್ತಿರುವುದಕ್ಕಾಗಿ ಮೊದಲು ಕ್ಷಮೆ ಬೇಡುತ್ತೇವೆ. ನಮ್ಮ ಈ ಮಾತನ್ನು ಭವನದ ಕೊನೆಯ ಸಾಲಿನವರೆಗೆ ಮುಟ್ಟಿಸುತ್ತಿರುವ, ಆ ಮೂಲೆಯಲ್ಲಿರುವ ಕಪ್ಪು ಪೆಟ್ಟಿಗೆಯೇ ಇಂದಿನ ನಮ್ಮ ವಿಷಯ. ಮೈಕು ಹಳೆಯದು, ಮಿಕ್ಸರು ಹಳೆಯದು. ಆ ಪೆಟ್ಟಿಗೆ ಮಾತ್ರ ಹೊಸದು. ಅದು ಅಂಗಡಿಯಿಂದ ಬಂದುದಲ್ಲ. ನಮ್ಮ ಶಾಲೆಯ ಐವರು ಮಕ್ಕಳೂ ನಾವೂ ಕೂಡಿ ಕಳೆದ ಬೇಸಗೆಯ ರಜೆಯಲ್ಲಿ ಕಟ್ಟಿದುದು.

ಇದಕ್ಕೆ ಕಾರಣವಾದ ಸಂಗತಿಯನ್ನು ತಮ್ಮಲ್ಲಿ ಹಲವರು ಬಲ್ಲಿರಿ. ಸಂಘದ ಕಪಾಟಿನಲ್ಲಿ ಸುಮಾರು ಮೂವತ್ತು ವರ್ಷಗಳ ಹಿಂದೆ ಇದೇ ಭವನದಲ್ಲಿ ನಡೆದ ತಾಳಮದ್ದಳೆಗಳ ಕ್ಯಾಸೆಟ್ಟುಗಳಿವೆ. ಅವುಗಳಲ್ಲೊಂದರಲ್ಲಿ, ಈಗ ನಮ್ಮ ನಡುವೆ ಇಲ್ಲದ ಊರಿನ ಹಿರಿಯ ಅರ್ಥಧಾರಿಯೊಬ್ಬರ ದನಿಯಿದೆ. ಕಳೆದ ವರ್ಷದ ಉತ್ಸವದಲ್ಲಿ ಅದನ್ನು ಸಭೆಗೆ ಕೇಳಿಸಹೊರಟೆವು. ಹಳೆಯ ಯಂತ್ರವು ಹೊರಡಿಸಿದ ಗುಂಯ್‌ಗುಡುವ ಸದ್ದು ಅರ್ಥವನ್ನು ಮಾತ್ರವಲ್ಲ, ಚೆಂಡೆಯನ್ನೂ ನುಂಗಿಬಿಟ್ಟಿತು. ಮುಂದಿನ ಸಾಲಿನಲ್ಲಿ ಆ ಅರ್ಥಧಾರಿಗಳ ತಂಗಿ, ಎಂಬತ್ತು ದಾಟಿದ ಅಜ್ಜಿ, ಕುಳಿತಿದ್ದರು. ಐದು ನಿಮಿಷ ಕೇಳಿದರು. ಬಳಿಕ, “ಮಾಷ್ಟ್ರೆ, ಇದು ಅಣ್ಣನ ಸ್ವರ ಅಲ್ಲ. ಬೇರೆ ಯಾರದ್ದೋ ಹಾಕಿದ್ದೀರಿ” ಎಂದು ಹೇಳಿ ಎದ್ದುಹೋದರು. ಆ ಮಾತು ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

‘ಧ್ವನಿವರ್ಧಕ’ ಎಂಬ ಪದವನ್ನು ನಾವು ವಾಡಿಕೆಯಲ್ಲಿ ಕಂಬಕ್ಕೆ ಕಟ್ಟಿದ ಸ್ಪೀಕರಿಗೆ ಹೇಳುತ್ತೇವೆ. ವಾಸ್ತವವಾಗಿ ವರ್ಧಿಸುವ ಕೆಲಸ ಸ್ಪೀಕರಿನದಲ್ಲ, ಅದರ ಹಿಂದಿರುವ ಆಂಪ್ಲಿಫೈಯರಿನದು. ಕ್ಯಾಸೆಟ್ ಯಂತ್ರದಿಂದ ಬರುವ ಅರ್ಧ ವೋಲ್ಟಿನ ಕ್ಷೀಣವಾದ ಸಂಕೇತವನ್ನು ಅದು ಸ್ಪೀಕರಿನ ಪರದೆಯನ್ನು ಅಲುಗಿಸುವಷ್ಟು ಬಲವುಳ್ಳದ್ದಾಗಿ ಮಾಡುತ್ತದೆ. ದೊಡ್ಡದು ಮಾಡುವುದು ಕಷ್ಟವಲ್ಲ. ಏನನ್ನೂ ಕೂಡಿಸದೆ, ಏನನ್ನೂ ಕಳೆಯದೆ ದೊಡ್ಡದು ಮಾಡುವುದು ಕಷ್ಟ. ಮನುಷ್ಯನ ಕಿವಿಯು ಸೆಕೆಂಡಿಗೆ ೨೦ರಿಂದ ೨೦,೦೦೦ದವರೆಗಿನ ಕಂಪನಗಳನ್ನು ಗ್ರಹಿಸಬಲ್ಲುದೆಂದು ಹೇಳುತ್ತಾರೆ. ಅವೆಲ್ಲವನ್ನೂ ಒಂದೇ ಪ್ರಮಾಣದಲ್ಲಿ ಬೆಳೆಸುವ ಪ್ರಾಮಾಣಿಕತೆಗೆ ‘ಹೈಫೈ’ ಎಂದು ಹೆಸರು. ಮೂಲಕ್ಕೆ ನಿಷ್ಠೆ ಎಂದು ಅದರ ತಾತ್ಪರ್ಯ.

ಈ ನಿಷ್ಠೆಯ ಹಿಂದೆ ಒಂದು ಸ್ವಾರಸ್ಯಕರವಾದ ಚರಿತ್ರೆಯಿದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಎಂಬ ತರುಣ ಇಂಜಿನಿಯರನು ದೂರದ ಟೆಲಿಫೋನ್ ತಂತಿಗಳಲ್ಲಿ ಮಾತು ವಿಕಾರಗೊಳ್ಳುವುದನ್ನು ತಡೆಯುವ ಉಪಾಯವನ್ನು ವರ್ಷಗಟ್ಟಲೆ ಅರಸುತ್ತಿದ್ದನು. ೧೯೨೭ರ ಆಗಸ್ಟ್ ೨ರ ಬೆಳಿಗ್ಗೆ ಹಡ್ಸನ್ ನದಿಯನ್ನು ಹಡಗಿನಲ್ಲಿ ದಾಟಿ ಕೆಲಸಕ್ಕೆ ಹೋಗುತ್ತಿದ್ದಾಗ ಅವನಿಗೆ ಅದು ಹೊಳೆಯಿತು; ಕೈಯಲ್ಲಿದ್ದ ದಿನಪತ್ರಿಕೆಯ ಹಾಳೆಯ ಮೇಲೆಯೇ ಗೀಚಿಕೊಂಡನು. ಹೊರಬಂದ ಸಂಕೇತದ ಒಂದಂಶವನ್ನು ತಲೆಕೆಳಗು ಮಾಡಿ ಆರಂಭದ ಬಾಗಿಲಿಗೇ ಹಿಂದಿರುಗಿಸುವುದು. ಬಂದುದಕ್ಕೂ ಹೋದುದಕ್ಕೂ ಇರುವ ವ್ಯತ್ಯಾಸವನ್ನು ಯಂತ್ರವು ತಾನೇ ತಿದ್ದಿಕೊಳ್ಳುವುದು. ಬಲದಲ್ಲಿ ಬಹುಭಾಗವನ್ನು ತ್ಯಾಗಮಾಡಿ ನಿಷ್ಠೆಯನ್ನು ಪಡೆಯುವ ಈ ಉಪಾಯಕ್ಕೆ ಪೇಟೆಂಟು ದೊರೆತದ್ದು ೧೯೩೭ರಲ್ಲಿ. ಮುಂದೆ ೧೯೪೭ರಲ್ಲಿ ಬ್ರಿಟನ್ನಿನ ಡಿ. ಟಿ. ಎನ್. ವಿಲಿಯಮ್ಸನ್ ಎಂಬವರು ಇದೇ ತತ್ತ್ವದ ಮೇಲೆ ರಚಿಸಿದ ವಾಲ್ವುಗಳ ಆಂಪ್ಲಿಫೈಯರಿನ ನಕ್ಷೆಯನ್ನು ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಂದಿನಿಂದ ಮನೆಯಲ್ಲಿಯೇ ಉತ್ತಮವಾದ ಆಂಪ್ಲಿಫೈಯರನ್ನು ಕಟ್ಟುವ ಹವ್ಯಾಸವು ಬಹಳವಾಗಿ ಬೆಳೆಯಿತು.

ನಾವು ಆರಿಸಿಕೊಂಡುದು ಎಲ್.ಎಂ. ೧೮೭೫ ಎಂಬ, ಐದು ಕಾಲುಗಳುಳ್ಳ ಒಂದು ಚಿಕ್ಕ ಚಿಪ್ಪು. ಮಂಗಳೂರಿಗೆ ಹೋಗಿ ಬಿಡಿಭಾಗಗಳನ್ನು ತಂದೆವು. ಈ ಚಿಪ್ಪು ಧನ, ಋಣ ಎರಡು ಕಡೆಯಲ್ಲಿಯೂ ೨೫ ವೋಲ್ಟುಗಳಲ್ಲಿ ೨೦ ವ್ಯಾಟುಗಳಷ್ಟು ಶಕ್ತಿಯನ್ನು ಕೊಡಬಲ್ಲುದು. ಹುಡುಗರಿಗೆ ಆ ಇಪ್ಪತ್ತೂ ಬೇಕಾಗಿತ್ತು. ೧೮–೦–೧೮ರ ಟ್ರಾನ್ಸ್‌ಫಾರ್ಮರ್ ತರೋಣವೆಂದರು. ಆದರೆ ರಾತ್ರಿಯ ವೇಳೆ ನಮ್ಮೂರಿನ ವಿದ್ಯುತ್ತು ೨೩೦ನ್ನು ಮೀರಿ ಏರುವುದುಂಟು. ಚಿಪ್ಪು ತಾಳಿಕೊಳ್ಳುವುದು ಎರಡು ಕಡೆಯದನ್ನೂ ಕೂಡಿಸಿ ೬೦ ವೋಲ್ಟುಗಳನ್ನು ಮಾತ್ರ. ಅತಿಯಾಸೆ ಗತಿಗೇಡೆಂದು ಹೇಳಿ ೧೫–೦–೧೫ರದನ್ನೇ ಕೊಂಡೆವು. ಅದನ್ನು ಡಯೋಡುಗಳಿಂದ ಏಕಮುಖ ಮಾಡಿ, ೪,೭೦೦ ಮೈಕ್ರೋಫ್ಯಾರಡಿನ ಎರಡು ಕೆಪಾಸಿಟರುಗಳಲ್ಲಿ ತುಂಬಿದರೆ ಎರಡು ಕಡೆಯೂ ಸುಮಾರು ೨೦ ವೋಲ್ಟ್ ದೊರೆಯುತ್ತದೆ. ಹಿಂದಿರುಗಿಸುವ ದಾರಿಯಲ್ಲಿ ೨೦ ಕಿಲೋಓಮ್ ಮತ್ತು ೧ ಕಿಲೋಓಮುಗಳ ಎರಡು ರೆಸಿಸ್ಟರುಗಳನ್ನಿಟ್ಟರೆ ವೃದ್ಧಿಯು ಇಪ್ಪತ್ತೊಂದು ಪಾಲು. ಅರ್ಧ ವೋಲ್ಟು ಹತ್ತೂವರೆ ವೋಲ್ಟಾಗುತ್ತದೆ; ೮ ಓಮಿನ ಸ್ಪೀಕರಿನಲ್ಲಿ ಅದು ಸುಮಾರು ೧೪ ವ್ಯಾಟು. ಈ ಭವನಕ್ಕೆ ಅಷ್ಟು ಧಾರಾಳವಾಗಿ ಸಾಕು.

ಕಟ್ಟಿದ ಯಂತ್ರವನ್ನು ಮೊದಲ ಸಲ ನೇರವಾಗಿ ವಿದ್ಯುತ್ತಿಗೆ ಜೋಡಿಸಲಾಗದು. ಹಳೆಯ ಕಾಲದ ೬೦ ವ್ಯಾಟಿನ ತಂತಿಯ ಬಲ್ಬೊಂದನ್ನು ನಡುವೆ ಇಡಬೇಕು. ಯಂತ್ರ ಸರಿಯಿದ್ದರೆ ಬಲ್ಬು ಒಮ್ಮೆ ಬೆಳಗಿ ಮಂಕಾಗುತ್ತದೆ. ಒಳಗೆ ಎಲ್ಲಿಯಾದರೂ ತಂತಿಗಳು ಒಂದನ್ನೊಂದು ಮುಟ್ಟಿದ್ದರೆ ಉರಿಯುತ್ತಲೇ ಇರುತ್ತದೆ. ನಮ್ಮ ಬಲ್ಬು ಉರಿಯುತ್ತಲೇ ಇತ್ತು.

ಮಕ್ಕಳ ಮುಖ ಸಣ್ಣದಾಯಿತು. ಆಗ ನಾವು ಒಂದು ನಿಯಮವನ್ನು ಮಾಡಿಕೊಂಡೆವು: ಊಹೆಯಿಂದ ಯಾವುದನ್ನೂ ಕಿತ್ತು ಬದಲಾಯಿಸಬಾರದು, ಒಂದು ಸಲಕ್ಕೆ ಒಂದೇ ಪ್ರಶ್ನೆ, ಒಂದೇ ಬದಲಾವಣೆ, ಕಂಡುದನ್ನು ಆ ಕ್ಷಣವೇ ಪುಸ್ತಕದಲ್ಲಿ ಬರೆಯಬೇಕು, ಅದೂ ಕನ್ನಡದಲ್ಲಿ. ಮೀಟರಿನಿಂದ ಒಂದೊಂದಾಗಿ ಅಳೆದಾಗ ತಿಳಿಯಿತು: ಆ ಚಿಪ್ಪಿನ ಬೆನ್ನಿನ ಲೋಹವು ಒಳಗಿನಿಂದ ಋಣ ವಿದ್ಯುತ್ತಿಗೆ ಸೇರಿಕೊಂಡಿರುತ್ತದೆ. ನಾವು ಅದನ್ನು ಶಾಖ ಹೀರುವ ಅಲ್ಯೂಮಿನಿಯಂ ತುಂಡಿಗೆ, ಆ ಮೂಲಕ ಪೆಟ್ಟಿಗೆಗೆ, ನೇರವಾಗಿ ತಿರುಪಿದ್ದೆವು. ನಡುವೆ ಕಾಗೆಬಂಗಾರದ ತೆಳುವಾದ ಹಾಳೆಯೊಂದನ್ನೂ ತಿರುಪಿಗೆ ಪ್ಲಾಸ್ಟಿಕ್ಕಿನ ಬಳೆಯನ್ನೂ ಹಾಕಿದ ಕೂಡಲೆ ಬಲ್ಬು ಮಂಕಾಯಿತು. ಹೊರದಾರಿಯಲ್ಲಿ ಅಳೆದರೆ ಕೆಲವೇ ಮಿಲಿವೋಲ್ಟು. ಇದನ್ನು ನೋಡಿಕೊಂಡ ಮೇಲೆಯೇ ಸ್ಪೀಕರನ್ನು ಜೋಡಿಸಬೇಕು. ಇಲ್ಲವಾದರೆ ಅದರ ಸುರುಳಿ ಸುಟ್ಟುಹೋದೀತು.

ಜೋಡಿಸಿದೆವು. ಕ್ಯಾಸೆಟ್ಟಿನ ಮಾತು ಬಂದಿತು. ಅದರೊಡನೆ ಹಳೆಯ ಶತ್ರುವಾದ ಗುಂಯ್ ಎಂಬ ಸದ್ದೂ ಬಂದಿತು! ಕ್ಯಾಸೆಟ್ ಯಂತ್ರವನ್ನು ಬಿಡಿಸಿ ಒಳದಾರಿಯನ್ನು ಮುಚ್ಚಿದರೂ ಅದು ನಿಲ್ಲಲಿಲ್ಲ. ಎಂದಮೇಲೆ ದೋಷವು ಹೊರಗಿನದಲ್ಲ, ನಮ್ಮ ಪೆಟ್ಟಿಗೆಯೊಳಗಿನದೇ. ಅಷ್ಟರಲ್ಲಿ ಅಲ್ಲಿಗೆ ಬಂದ ಊರಿನ ಭಾಗವತರು ತುಸು ಕಿವಿಗೊಟ್ಟು, “ಇದು ರಸ್ತೆಬದಿಯ ಟ್ರಾನ್ಸ್‌ಫಾರ್ಮರಿನ ಶ್ರುತಿಯೇ ಅಲ್ಲವೋ?” ಎಂದರು. ಆ ಕಿವಿಗೆ ನಮಸ್ಕಾರ! ವಿದ್ಯುತ್ತಿನ ಕಂಪನ ಸೆಕೆಂಡಿಗೆ ೫೦. ಟ್ರಾನ್ಸ್‌ಫಾರ್ಮರಿನ ಕಬ್ಬಿಣವು ಹಾಡುವುದು ಅದರ ಇಮ್ಮಡಿಯಾದ ೧೦೦ರಲ್ಲಿ. ಡಯೋಡುಗಳು ಕೆಪಾಸಿಟರನ್ನು ತುಂಬುವುದೂ ಸೆಕೆಂಡಿಗೆ ೧೦೦ ಸಲವೇ. ಅಂದರೆ ಕಳ್ಳನು ವಿದ್ಯುತ್ತು ತುಂಬುವ ಆ ದಾರಿಯಲ್ಲಿದ್ದನು. ಹುಡುಕಿದರೆ, ಕೆಪಾಸಿಟರುಗಳನ್ನು ತುಂಬುವ ಭಾರಿ ಪ್ರವಾಹವೂ ಕ್ಷೀಣವಾದ ಸಂಕೇತದ ನೆಲತಂತಿಯೂ ಒಂದೇ ತಂತಿಯ ಮೇಲೆ ನಡೆಯುತ್ತಿದ್ದುವು. ಬಟ್ಟೆ ಒಗೆಯುವ ಕಡವಿನ ಕೆಳಗೆ ಕುಡಿಯುವ ನೀರನ್ನು ಮೊಗೆದಂತಾಗಿತ್ತು. ಪ್ರತಿಯೊಂದು ನೆಲತಂತಿಯನ್ನೂ ಬೇರೆಬೇರೆಯಾಗಿ ತಂದು ಒಂದೇ ಬಿಂದುವಿನಲ್ಲಿ ಕೂಡಿಸಿದೆವು. ಸದ್ದು ಅಡಗಿತು.

ಮೂರನೆಯ ದೋಷವನ್ನು ಹೇಳಲು ನಮಗೆ ಸ್ವಲ್ಪ ಸಂಕೋಚ. ಯಾವ ಹಾಡೂ ಇಲ್ಲದೆ ಸುಮ್ಮನಿದ್ದಾಗಲೂ ಪೆಟ್ಟಿಗೆ ಕೈಯಿಡಲಾರದಷ್ಟು ಬಿಸಿಯಾಗುತ್ತಿತ್ತು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಮನೆಯಿಂದ ಮೀಡಿಯಂ ವೇವಿನ ಸಣ್ಣ ರೇಡಿಯೋ ತಂದು ಪಕ್ಕದಲ್ಲಿಟ್ಟಳು. ಆಂಪ್ಲಿಫೈಯರನ್ನು ಚಾಲೂ ಮಾಡಿದೊಡನೆ ರೇಡಿಯೋದ ಕಾರ್ಯಕ್ರಮ ಮುಳುಗಿಹೋಯಿತು. ಯಂತ್ರವು ನಮ್ಮ ಕಿವಿಗೆ ಎಟುಕದ ಎತ್ತರದ ಸ್ಥಾಯಿಯಲ್ಲಿ ತನ್ನಷ್ಟಕ್ಕೆ ತಾನೇ ಕೂಗುತ್ತಿತ್ತು. ಅದನ್ನು ತಡೆಯಲೆಂದು ಹೊರದಾರಿಯಲ್ಲಿ ೧ ಓಮಿನ ರೆಸಿಸ್ಟರನ್ನೂ ೦.೨೨ ಮೈಕ್ರೋಫ್ಯಾರಡಿನ ಕೆಪಾಸಿಟರನ್ನೂ ಇಟ್ಟಿದ್ದೆವು. ಆಕೆ ಮರದ ಕಡ್ಡಿಯಿಂದ ಆ ಬೆಸುಗೆಯನ್ನು ಮೆಲ್ಲನೆ ಒತ್ತಿ, “ಸರ್, ಇದು ಹಿಡಿದಿಲ್ಲ, ಮೇಲಿಂದ ಮಾತ್ರ ಕೂತಿದೆ” ಎಂದಳು. ಆ ಬೆಸುಗೆ ನಮ್ಮದು! ಮಕ್ಕಳಿಗೆ ಲೋಪ, ಆಗಮ, ಆದೇಶಗಳನ್ನು ಬೋಧಿಸುವವರ ಕೈಯಲ್ಲಿಯೇ ಸಂಧಿಯೊಂದು ಕೂಡದೆ ಹೋಗಿತ್ತು. ಮತ್ತೆ ಕಾಯಿಸಿ ಸೀಸವನ್ನು ಹರಿಯಿಸಿದಾಗ ಬಿಸಿಯೂ ಇಳಿಯಿತು, ನಮ್ಮ ಬಿಗುಮಾನವೂ ಇಳಿಯಿತು. ಹೋದುದನ್ನು ಹಿಂದಕ್ಕೆ ತಂದು ತಿದ್ದುವ ಬ್ಲ್ಯಾಕನ ತತ್ತ್ವವು ಯಂತ್ರಕ್ಕೆ ಮಾತ್ರ ಅನ್ವಯಿಸುವುದಲ್ಲವೆಂದು ಅಂದು ಮನವರಿಕೆಯಾಯಿತು.

ಮಕ್ಕಳಿಗೊಂದು ಎಚ್ಚರಿಕೆಯ ಮಾತು. ೨೩೦ ವೋಲ್ಟು ಆಟದ ವಸ್ತುವಲ್ಲ. ಫ್ಯೂಸೂ ಮೂರು ಕಡ್ಡಿಯ ಪ್ಲಗ್ಗೂ ಇಲ್ಲದೆ, ಲೋಹದ ಪೆಟ್ಟಿಗೆಗೆ ಅರ್ಥಿಂಗ್ ಇಲ್ಲದೆ ಇಂಥ ಕೆಲಸ ಕೂಡದು. ವಿದ್ಯುತ್ತನ್ನು ಕಡಿದ ಬಳಿಕವೂ ಕೆಪಾಸಿಟರುಗಳಲ್ಲಿ ಅದು ಸ್ವಲ್ಪ ಹೊತ್ತು ಉಳಿದಿರುತ್ತದೆ. ಬಲ್ಲ ಹಿರಿಯರು ಪಕ್ಕದಲ್ಲಿಲ್ಲದೆ ಕೈಹಾಕಬೇಡಿರಿ.

ರಜೆ ಮುಗಿಯುವ ಮುನ್ನ ಒಂದು ಸಂಜೆ ಆ ಅಜ್ಜಿಯನ್ನು ಇಲ್ಲಿಗೆ ಕರೆತಂದು ಅದೇ ಕ್ಯಾಸೆಟ್ಟನ್ನು ಹಾಕಿದೆವು. ಭಾಗವತಿಕೆ ನಿಂತಿತು. ಕ್ಷಣಕಾಲ ಮೌನ. ಹಳೆಯ ಯಂತ್ರದಲ್ಲಿ ಆ ಮೌನವೇ ಇರಲಿಲ್ಲ. ಅದರೊಳಗಿಂದ ಒಬ್ಬರು ದೀರ್ಘವಾಗಿ ಉಸಿರೆಳೆದುಕೊಂಡುದು ಸ್ಪಷ್ಟವಾಗಿ ಕೇಳಿಸಿತು. ಅರ್ಥ ಇನ್ನೂ ಆರಂಭವಾಗಿರಲಿಲ್ಲ, ಅಜ್ಜಿ ನಮ್ಮ ಕಡೆಗೆ ತಿರುಗಿ, “ಹೌದು ಮಾಷ್ಟ್ರೆ, ಅಣ್ಣನೇ. ಎದುರಿನವರಿಗೆ ಉತ್ತರ ಕೊಡುವ ಮೊದಲು ಹೀಗೇ ಉಸಿರು ತೆಗೆಯುತ್ತಿದ್ದ. ಇನ್ನು ಬಿಡುವುದಿಲ್ಲ, ನೋಡಿ” ಎಂದರು. ಕ್ಯಾಸೆಟ್ಟಿನ ಒಂದು ಬದಿ ಮುಗಿಯುವವರೆಗೂ ಅವರು ಕದಲಲಿಲ್ಲ.

ಮಹನೀಯರೆ, ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿಯ ಕನ್ನಡದ ಅಳಿವು ಉಳಿವುಗಳನ್ನು ಕುರಿತು ಎಷ್ಟೋ ಭಾಷಣಗಳಾಗಿವೆ. ಅವುಗಳ ಅಗತ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕನ್ನಡ ಮಾಧ್ಯಮದ ಮಕ್ಕಳಿಗೆ ಯಂತ್ರವಿದ್ಯೆ ಎಟುಕದೆಂದು ಅಳುಕುವ ತಂದೆತಾಯಿಗಳಿಗೆ ಭಾಷಣದಿಂದ ಸಮಾಧಾನ ದೊರೆಯದು. ಅವರು ಈ ಪುಸ್ತಕವನ್ನು ನೋಡಲಿ. ಕಂಡ ಲಕ್ಷಣ, ಪಟ್ಟ ಸಂಶಯ, ಮಾಡಿದ ಪರೀಕ್ಷೆ, ದೊರೆತ ಫಲ—ಎಲ್ಲವನ್ನೂ ಐವರು ಮಕ್ಕಳು ಕನ್ನಡದಲ್ಲಿ ಬರೆದಿದ್ದಾರೆ. ರೆಸಿಸ್ಟರನ್ನು ರೆಸಿಸ್ಟರೆಂದೇ ಕರೆದಿದ್ದಾರೆ; ಅದರಿಂದ ಭಾಷೆಗೆ ಕುಂದಿಲ್ಲ. ‘ಏಕೆ ಹೀಗಾಯಿತು? ಎಲ್ಲಿಂದ ಹುಡುಕೋಣ?’ ಎಂಬ ಪ್ರಶ್ನೆಗಳು ಕನ್ನಡದಲ್ಲಿ ಹುಟ್ಟಿವೆ. ನಮಗೆ ಮುಖ್ಯವಾದುದು ಅದು. ತಪ್ಪನ್ನು ಹುಡುಕಿ ತಿದ್ದುವ ಕೆಲಸಕ್ಕೆ ಯಾವ ನುಡಿ ಒದಗುತ್ತದೆಯೋ ಆ ನುಡಿಯನ್ನು ಮಕ್ಕಳು ಕೈಬಿಡಲಾರರೆಂಬುದು ನಮ್ಮ ನಂಬಿಕೆ. ಈ ಪುಸ್ತಕವನ್ನು ಇಂದು ಸಂಘದ ವಾಚನಾಲಯಕ್ಕೆ ಒಪ್ಪಿಸುತ್ತಿದ್ದೇವೆ.

ಕೊನೆಯದಾಗಿ ಒಂದು ಬಿನ್ನಹ. ತಮ್ಮ ಮನೆಗಳ ಅಟ್ಟದಲ್ಲಿ, ಪೆಟ್ಟಿಗೆಗಳಲ್ಲಿ ಹಳೆಯ ಕ್ಯಾಸೆಟ್ಟುಗಳು ಇದ್ದೀತು. ನಮ್ಮ ಮಳೆಗಾಲದ ತೇವಕ್ಕೆ ಆ ಪಟ್ಟಿಗಳು ಬೂಸಲು ಹಿಡಿಯುತ್ತವೆ; ದನಿ ಒಮ್ಮೆ ಹೋದರೆ ಯಾವ ಆಂಪ್ಲಿಫೈಯರೂ ಅದನ್ನು ಮರಳಿ ತರಲಾರದು. ದಯವಿಟ್ಟು ತಂದುಕೊಡಿರಿ. ಶನಿವಾರಗಳ ಸಂಜೆ ನಾವೂ ಮಕ್ಕಳೂ ಇಲ್ಲಿರುತ್ತೇವೆ. ಕೇಳಿ, ಪ್ರತಿ ಮಾಡಿ, ಮೂಲವನ್ನು ಜೋಪಾನವಾಗಿ ಹಿಂದಿರುಗಿಸುತ್ತೇವೆ.