ಸುರಂಗದ ಆಚೆ ಯಾರಿದ್ದಾರೆ?

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನಮ್ಮ ಹುಡುಗ ಹುಡುಗೀರ ಮುಂದೆ ನಿಂತು ರಷ್ಯಾದ ಕಾದಂಬರಿ ಬಗ್ಗೆ ಮಾತಾಡ್ತೀವಿ ಅಂದ್ರೆ, ಇವರಿಗೆ ಬೇರೆ ಕೆಲಸ ಇಲ್ವಾ ಅಂತ ನಿಮಗೆ ಅನ್ನಿಸಬಹುದು. ಆದರೆ ನಿಮ್ಮಲ್ಲೇ ಕೆಲವರು ನಿದ್ದೆಗೆಟ್ಟು ‘ಮೆಟ್ರೋ 2033’ ಗೇಮ್ ಆಡಿದವರಿದ್ದೀರಿ. ಆ ಗೇಮಿಗೆ ಮೂಲ ಒಂದು ಪುಸ್ತಕ. ಅದನ್ನ ಓದುವಾಗ ನಮಗೆ ಮಾಸ್ಕೋಗಿಂತ ಹೆಚ್ಚಾಗಿ ನಮ್ಮ ಮನೆಗಳೇ ಕಣ್ಣಿಗೆ ಬಂದವು. ಅದಕ್ಕೇ ಈ ಮಾತು.

ಬರೆದವರು ದ್ಮಿತ್ರಿ ಗ್ಲುಖೊವ್‌ಸ್ಕಿ. 1979ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ಕಾದಂಬರಿಯನ್ನ ಮೊದಲು ಪ್ರಕಾಶಕರು ಬೇಡ ಅಂದ್ರು. ಇವರು 2002ರಲ್ಲಿ ತಮ್ಮದೇ ವೆಬ್‌ಸೈಟಿಗೆ ಪುಕ್ಕಟೆ ಹಾಕಿಬಿಟ್ಟರು. ಆ ಮೊದಲ ರೂಪದಲ್ಲಿ ಕಥಾನಾಯಕ ಆರ್ತ್ಯೋಮ್ ನಡುದಾರೀಲೇ ಗುಂಡು ತಗುಲಿ ಸತ್ತುಹೋಗ್ತಾನೆ. ಓದಿದವರು ಸುಮ್ಮನಿರಲಿಲ್ಲ, ಹೀಗೆ ಮುಗಿಸಿದ್ರೆ ಹೇಗೆ ಅಂತ ಬೆನ್ನುಬಿದ್ದರು. ಕತೆ ಮುಂದುವರಿಯಿತು, 2005ರಲ್ಲಿ ಅಚ್ಚಾಯಿತು. ಗೇಮ್ ಬಂದಿದ್ದು 2010ರಲ್ಲಿ. ಅದನ್ನ ಮಾಡಿದ್ದು ಉಕ್ರೇನಿನ ಕೀವ್ ನಗರದ 4ಎ ಗೇಮ್ಸ್. ಕೀವ್ ಅನ್ನೋ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕತೆ ಇಷ್ಟು. ಅಣುಯುದ್ಧ ಆಗಿ ಇಪ್ಪತ್ತು ವರ್ಷ ಕಳೆದಿದೆ. ಮೇಲಿನ ನೆಲ ವಿಷವಾಗಿದೆ. ಆ ಹೊತ್ತಲ್ಲಿ ಮಾಸ್ಕೋದ ಮೆಟ್ರೋ ಒಳಗಿದ್ದವರು ಮಾತ್ರ ಬದುಕುಳಿದಿದ್ದಾರೆ. ಒಂದೊಂದು ನಿಲ್ದಾಣವೂ ಒಂದೊಂದು ದೇಶ ಆಗಿಬಿಟ್ಟಿದೆ. ಆರ್ತ್ಯೋಮ್ ಇರೋದು ವಿಡಿಎನ್‌ಖಾ ನಿಲ್ದಾಣದಲ್ಲಿ. ಅಲ್ಲಿ ಹಂದಿ ಸಾಕ್ತಾರೆ, ಅಣಬೆ ಬೆಳೀತಾರೆ, ಅಣಬೆಯಿಂದಲೇ ಟೀ ಮಾಡಿ ಮಾರ್ತಾರೆ. ದುಡ್ಡು ಅಂದ್ರೆ ಬಂದೂಕಿನ ತೋಟಾ. ಟೀ ಕುಡಿಯೋಕೂ ತೋಟಾ ಎಣಿಸಿ ಕೊಡಬೇಕು. ಉಂಗುರದ ಹಾಗಿರೋ ಮಾರ್ಗವನ್ನ ವ್ಯಾಪಾರಿಗಳು ಹಿಡಿದುಕೊಂಡು ‘ಹಾನ್ಸಾ’ ಅಂತ ಹೆಸರಿಟ್ಟುಕೊಂಡಿದ್ದಾರೆ. ಕೆಂಪು ಮಾರ್ಗ ಕಮ್ಯುನಿಸ್ಟರದ್ದು. ಮೂರು ನಿಲ್ದಾಣದಲ್ಲಿ ನಾಜಿಗಳು. ಮಧ್ಯದಲ್ಲಿ ‘ಪೋಲಿಸ್’ ಅನ್ನೋ ಊರು. ಖಾಕಿ ಪೊಲೀಸ್ ಅಲ್ಲ, ಗ್ರೀಕ್ ಮಾತಿನಲ್ಲಿ ನಗರ ಅಂತ ಅರ್ಥ. ಅಲ್ಲಿ ಪುಸ್ತಕ ಕಾಯೋರಿಗೆ ಬ್ರಾಹ್ಮಣರು ಅಂತ ಹೆಸರು, ಆಯುಧ ಹಿಡಿದವರಿಗೆ ಕ್ಷತ್ರಿಯರು ಅಂತ. ಭೂಮಿ ಮುಳುಗಿದ ಮೇಲೂ, ಅದೂ ಮಾಸ್ಕೋದಲ್ಲಿ, ಜಾತಿ ಮಾತ್ರ ಉಳಿಯಿತಲ್ಲ ಅಂತ ಓದುವಾಗ ನಮಗೆ ನಗು ಬಂತು. ಪೂರ್ತಿ ನಗೋ ಹಾಗೂ ಇಲ್ಲ ಬಿಡಿ.

ವಿಷದ ನೆಲ ಅಂದ್ರೆ ರಷ್ಯಾವರೆಗೂ ಹೋಗಬೇಕಿಲ್ಲ. ತಿರುಪ್ಪೂರಿನವರಿಗೆ ಒರತ್ತುಪಾಳ್ಯಂ ಅಣೆಕಟ್ಟು ಗೊತ್ತು. ನೊಯ್ಯಲ್ ಹೊಳೆಗೆ ಅಡ್ಡಲಾಗಿ 1992ರಲ್ಲಿ ಕಟ್ಟಿದ್ದು, ಹೊಲಕ್ಕೆ ನೀರು ಕೊಡೋಕೆ ಅಂತ. ತುಂಬಿದ್ದು ಸಾಯಪಟ್ಟರೆಗಳ ಬಣ್ಣದ ನೀರು, ಉಪ್ಪು. ಯಾವ ರೈತರಿಗಾಗಿ ಕಟ್ಟಿದರೋ ಅವರೇ ಈ ನೀರು ಬಿಡಬೇಡಿ ಅಂತ ಕೋರ್ಟಿಗೆ ಹೋಗುವ ಹಾಗಾಯ್ತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಏಳುನೂರಕ್ಕೂ ಹೆಚ್ಚು ಸಾಯಪಟ್ಟರೆಗಳನ್ನ ಮುಚ್ಚಿಸಿತು. ಬನಿಯನ್ ಕಂಪನಿಗೆ ಹೋಗ್ತಿದ್ದ ಮನೆಗಳಿಗೆ ಆ ದಿನಗಳು ಇನ್ನೂ ನೆನಪಿವೆ. ಇಲ್ಲಿ ಬಾಂಬ್ ಬಿದ್ದಿಲ್ಲ, ಶತ್ರು ಬಂದಿಲ್ಲ. ಸಂಬಳ ಕೊಟ್ಟ ಕೆಲಸವೇ ಬಾವಿ ನೀರನ್ನೂ ಕೆಡಿಸಿತು.

ಆದರೆ ಆ ಕಾದಂಬರಿಯಲ್ಲಿ ನಮ್ಮನ್ನ ಹಿಡಿದು ನಿಲ್ಲಿಸಿದ್ದು ವಿಷದ ನೆಲ ಅಲ್ಲ, ಸುರಂಗ. ನಮ್ಮ ಕೊಯಮತ್ತೂರಿಗೆ ಮೆಟ್ರೋ ಇನ್ನೂ ಬಂದಿಲ್ಲ, ಸರಿ. ಆದರೂ ನೆಲದೊಳಗೆ ಅರ್ಧ ಬದುಕು ಕಳೆದ ಜನ ನಮ್ಮಲ್ಲಿದ್ದಾರೆ. ಗುಂಡಿ ಮಗ್ಗ ನೋಡಿದವರು ಕೈಯೆತ್ತಿ. ನೆಲದಲ್ಲಿ ಗುಂಡಿ ತೋಡಿ, ಅಂಚಲ್ಲಿ ಕೂತು, ಕಾಲು ಒಳಗೆ ಇಳಿಬಿಟ್ಟು ತುಳೀಬೇಕು. ಹಾಸು ನೆಲಮಟ್ಟದಲ್ಲೇ ಇರುತ್ತೆ. ಮಣ್ಣಿನ ತಂಪಿಗೆ ನೂಲು ಬೇಗ ಹರಿಯಲ್ಲ ಅಂತ ಹಿರೀಕರು ಹಾಗೆ ಮಾಡಿದ್ದು. ನೆಗಮಂ ಹತ್ತಿ ಸೀರೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಪೇಪರಿನಲ್ಲಿ ಓದಿರ್ತೀರಿ. ಅದನ್ನ ನೇಯ್ದುಕೊಂಡು ಬಂದ ದೇವಾಂಗದವರ ಮನೆಮಾತು ಏನು ಅಂತ ಎಷ್ಟು ಜನ ಕೇಳಿದ್ರು? ಲಾಳಿ ಆ ಕಡೆಯಿಂದ ಈ ಕಡೆ ಓಡುವಾಗ ಮಗ್ಗದ ಮನೇಲಿ ಅಜ್ಜಿ ಅಜ್ಜ ಆಡಿದ್ದು ಕನ್ನಡ. ಬೀದಿಗೆ ಬಂದ್ರೆ ತಮಿಳು. ಬರೆಯೋದು, ಓದೋದು, ಮದುವೆ ಪತ್ರಿಕೆ ಎಲ್ಲಾ ತಮಿಳು. ಅಕ್ಷರ ಇಲ್ಲದೆ, ಸ್ಕೂಲಿಲ್ಲದೆ ಬರೀ ಬಾಯಿಂದ ಬಾಯಿಗೆ ಇಷ್ಟು ತಲೆಮಾರು ದಾಟಿ ಬಂದಿದೆ ಆ ಮಾತು.

ಈಗ ನಮ್ಮ ನಿಲ್ದಾಣಗಳನ್ನ ನೋಡಿ. ದೇವಾಂಗರದ್ದು ಒಂದು ಕನ್ನಡ. ಉಡುಮಲೈ ಕಡೆ, ಪೊಳ್ಳಾಚಿ ಕಡೆ ಒಕ್ಕಲಿಗರದ್ದು ಇನ್ನೊಂದು. ಅನುಪ್ಪರದ್ದು ಮತ್ತೊಂದು. ಒಂದೇ ಊರಲ್ಲಿದ್ದರೂ ಇವರ ಮಾತು ಅವರ ಕಿವಿಗೆ ಬೀಳಲ್ಲ. ಎದುರಾದಾಗ ಇಬ್ಬರೂ ತಮಿಳಿನಲ್ಲೇ ಮಾತಾಡ್ತಾರೆ. ಬಸ್ಸಲ್ಲಿ ಪಕ್ಕದ ಸೀಟಿನವರು ಫೋನಲ್ಲಿ ಅಮ್ಮನ ಹತ್ತಿರ ಮಾತಾಡಿದಾಗಲೇ, ಅರೆ, ಇವರೂ ನಮ್ಮ ಮಾತಿನವರಾ ಅಂತ ಗೊತ್ತಾಗೋದು. ‘ಅದು ಅವರ ಜಾತಿ ಬಾಷೆ, ಕನ್ನಡ ಅಲ್ಲ’ ಅನ್ನೋರೂ ನಮ್ಮಲ್ಲೇ ಇದ್ದಾರೆ. ವಿಡಿಎನ್‌ಖಾದವರು ನಾಲ್ಕು ನಿಲ್ದಾಣ ಆಚೆ ಇರೋರ ಬಗ್ಗೆ ಹೀಗೇ ಕತೆ ಕಟ್ಟಿಕೊಂಡಿರ್ತಾರೆ.

ಸುರಂಗ ಯಾವಾಗಲೂ ಇಷ್ಟು ಮುಚ್ಚಿರಲಿಲ್ಲ. 1799ರವರೆಗೆ ಕೊಯಮತ್ತೂರು ಮೈಸೂರು ರಾಜ್ಯದಲ್ಲಿತ್ತು. ಅದು ಬಹಳ ಹಳೇ ಮಾತು ಅಂದ್ರೆ, 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಇದೇ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಅದೂ ನೇಕಾರರ ಊರೇ, ರೇಷ್ಮೆ ಊರು. ಜಿಲ್ಲಾ ಕಚೇರಿ ಕೆಲಸಕ್ಕೆ ಅಲ್ಲಿನವರು ಇಲ್ಲಿಗೇ ಬರಬೇಕಿತ್ತು. ಗೆರೆ ಎಳೆದ ಮೇಲೆ ಆ ಕಡೆಯವರು ಆ ಕಡೆ, ನಾವು ಈ ಕಡೆ. ದಿಂಬಂ ಘಾಟಿಯ 27 ತಿರುವು ಈಗಲೂ ಇವೆ, ಬಸ್ಸು ಹತ್ತಿದ್ರೆ ಚಾಮರಾಜನಗರ. ನಿಮ್ಮಲ್ಲಿ ಎಷ್ಟು ಜನ ಹೋಗಿದ್ದೀರಿ?

ಮೊದಲ ಪುಸ್ತಕದ ಕೊನೆ ಹೇಳಲೇಬೇಕು. ಓದಬೇಕು ಅಂತಿರೋರು ಒಂದು ನಿಮಿಷ ಕಿವಿ ಮುಚ್ಚಿಕೊಳ್ಳಿ. ಮೇಲಿನಿಂದ ‘ಕಪ್ಪು ಜೀವಿಗಳು’ ಸುರಂಗಕ್ಕೆ ಇಳೀತಾ ಇರ್ತವೆ. ಅವು ಹತ್ತಿರ ಬಂದ್ರೆ ಕಾವಲಿನವರಿಗೆ ತಲೆ ಕೆಡುತ್ತೆ. ಇವು ನಮ್ಮನ್ನ ಮುಗಿಸೋಕೇ ಬರ್ತಿವೆ ಅಂತ ಎಲ್ಲರ ನಂಬಿಕೆ. ಅವುಗಳ ಮೇಲೆ ಕ್ಷಿಪಣಿ ಬಿಡಿಸೋಕೆ ಆರ್ತ್ಯೋಮ್ ಮಾಸ್ಕೋದ ಓಸ್ತಾಂಕಿನೊ ಗೋಪುರ ಹತ್ತುತ್ತಾನೆ. ಆಗ ಅವನಿಗೆ ಅರ್ಥವಾಗುತ್ತೆ, ಅವು ಬಂದಿದ್ದು ಮಾತಾಡೋಕೆ. ಅಷ್ಟರಲ್ಲಿ ಕ್ಷಿಪಣಿ ಬಿದ್ದಾಗಿರುತ್ತೆ. ಇದನ್ನ ನಾವು ಇಲ್ಲಿ ಯಾಕೆ ಹೇಳ್ತಿದ್ದೀವಿ ಅಂದ್ರೆ, ನಮ್ಮ ಕೂಟಗಳಲ್ಲೂ ಕೆಲವರಿಗೆ ತಮಿಳು ಅಂದ್ರೆ ಆ ಕಪ್ಪು ಜೀವಿ. ನಮಗೆ ಇದು ಒಪ್ಪಿಗೆಯಿಲ್ಲ. ನಾವು ಅಕ್ಷರ ಕಲಿತಿದ್ದು ತಮಿಳಲ್ಲಿ, ಅನ್ನ ದುಡಿದಿದ್ದು ತಮಿಳರ ಜೊತೆ, ನಮ್ಮ ಗೆಳೆಯರು ಅವರೇ. ಶಾಲೇಲಿ ಕನ್ನಡ ಬೇಕು ಅಂತ ಕೇಳೋದು ನಮ್ಮ ಹಕ್ಕು, ಕೇಳೋಣ. ಪಕ್ಕದ ಮನೆಯವರ ಮೇಲೆ ಕ್ಷಿಪಣಿ ಯಾಕೆ?

ಮೂರನೇ ಪುಸ್ತಕ ‘ಮೆಟ್ರೋ 2035’, ಬಂದಿದ್ದು 2015ರಲ್ಲಿ. ನಡುವೆ 2034 ಅಂತ ಇನ್ನೊಂದಿದೆ, ಅದರ ಕತೆ ಬೇರೆ, ಈಗ ಬೇಡ. ಇದರಲ್ಲಿ ಆರ್ತ್ಯೋಮ್ ರೇಡಿಯೋ ಹೊತ್ತುಕೊಂಡು ವಿಷದ ನೆಲಕ್ಕೆ ಹತ್ತಿ ಹೋಗಿ ಕಿವಿಗೊಟ್ಟು ಕೂರ್ತಾನೆ. ಬೇರೆ ಯಾವುದಾದರೂ ಊರು ಉಳಿದಿರಬಹುದಾ ಅಂತ. ಇವನಿಗೆ ಹುಚ್ಚು ಅಂತಾರೆ ಎಲ್ಲರೂ, ಮನೆಯವರ ಸಮೇತ. ಕೊನೆಗೆ ತಿಳಿಯುತ್ತೆ, ಹೊರಗೆ ಲೋಕ ಬದುಕಿದೆ, ಊರುಗಳಿವೆ, ಜನ ಮಾತಾಡ್ತಾನೇ ಇದ್ದಾರೆ. ಆ ದನಿ ಕೆಳಗಿನವರಿಗೆ ಕೇಳದ ಹಾಗೆ ಯಂತ್ರ ಇಟ್ಟು ಗದ್ದಲ ಎಬ್ಬಿಸಿದ್ದರು, ಅಷ್ಟೇ. ಅವನು ಓಡಿ ಬಂದು ಹೇಳ್ತಾನೆ, ಬನ್ನಿ, ಹೊರಗೆ ಹೋಗೋಣ ಅಂತ. ಯಾರೂ ಬರಲ್ಲ. ನಮಗೆ ಮೂರೂ ಪುಸ್ತಕದಲ್ಲಿ ಎಲ್ಲಕ್ಕಿಂತ ಕಷ್ಟವಾಗಿದ್ದು ಈ ಜಾಗ. ಸಾಹಿತ್ಯವಾಗಿ ಮೊದಲನೆಯದೇ ಮೇಲು ಅನ್ನೋರಿದ್ದಾರೆ. ಇರಲಿ, ನಮಗೆ ಬೇಕಾಗಿದ್ದು ಇಲ್ಲಿದೆ.

ನಮ್ಮ ಕಿವಿಗೆ ಗದ್ದಲ ಹಾಕಿದವರು ಯಾರು? ಯಾವ ಗುಪ್ತ ಸರ್ಕಾರವೂ ಅಲ್ಲ. ಮದುವೆಗೆ ಬೆಂಗಳೂರಿಂದ ಬಂದ ನೆಂಟರು ನಮ್ಮ ಮಾತು ಕೇಳಿ, ‘ಇದ್ಯಾವ ಕನ್ನಡ, ಅರ್ಧ ತಮಿಳು’ ಅಂತ ನಕ್ಕರು. ಅವತ್ತಿಂದ ಮನೆ ಮಗು ಅವರ ಮುಂದೆ ಬಾಯಿ ಬಿಡಲಿಲ್ಲ. ಟಿವಿ ಕನ್ನಡ ಅರ್ಥ ಆಗಲ್ಲ ಅಂತ ಅಜ್ಜಿ ಚಾನೆಲ್ ಬದಲಿಸಿದಳು. ನಮ್ಮದು ಇಲ್ಲಿಗೇ ಕೊನೆ, ನಾವೇ ಕಡೇ ತಲೆಮಾರು ಅಂತ ಅಪ್ಪ ತಣ್ಣಗೆ ಹೇಳಿಬಿಟ್ಟ. ಆದರೆ ಉಡುಮಲೈಯವರು ಕೊಳ್ಳೇಗಾಲದ ಸಂತೇಲಿ ನಿಂತು ಮಾತಾಡಿ ನೋಡಿ. ಬೆಂಗಳೂರಿನ ನೆಂಟರಿಗಿಂತ ಬೇಗ ಅವರಿಗೆ ನಿಮ್ಮ ಮಾತು ತಿಳಿಯುತ್ತೆ.

ಕೀವ್ ನೆನಪಿದೆ ತಾನೆ. ಮೆಟ್ರೋದಲ್ಲಿ ಬದುಕೋದು ಮೊದಲೂ ಬರೀ ಕತೆಯಾಗಿರಲಿಲ್ಲ. 1941ರಲ್ಲಿ ಜರ್ಮನ್ ವಿಮಾನಗಳು ಮಾಸ್ಕೋ ಮೇಲೆ ಬಾಂಬ್ ಹಾಕುವಾಗ ಜನ ನಿಲ್ದಾಣಗಳಲ್ಲೇ ಮಲಗಿದ್ದರು, ಹೆರಿಗೆಗಳೂ ಅಲ್ಲೇ ಆದವು. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ, ಕೀವ್, ಖಾರ್ಕಿವ್ ಜನ ಹಾಸಿಗೆ, ಮಕ್ಕಳು, ನಾಯಿ, ಬೆಕ್ಕು ಸಮೇತ ಮೆಟ್ರೋಗೆ ಇಳಿದರು. ಗೇಮ್ ಹುಟ್ಟಿದ ಊರು ಗೇಮಿನ ಹಾಗೇ ಆಯ್ತು. ಖಾರ್ಕಿವ್‌ನಲ್ಲಿ 2023ರಿಂದ ನಿಲ್ದಾಣಗಳ ಒಳಗೇ ಶಾಲೆ ನಡೆಸಿದರು. ಗ್ಲುಖೊವ್‌ಸ್ಕಿ ಈ ಯುದ್ಧ ತಪ್ಪು ಅಂತ ಬಾಯಿಬಿಟ್ಟು ಹೇಳಿದರು. 2023ರ ಆಗಸ್ಟಿನಲ್ಲಿ ಮಾಸ್ಕೋ ಕೋರ್ಟು ಅವರಿಲ್ಲದೆಯೇ ವಿಚಾರಣೆ ಮುಗಿಸಿ ಎಂಟು ವರ್ಷ ಶಿಕ್ಷೆ ಹಾಕಿತು. ಅವರು ದೇಶದ ಹೊರಗಿದ್ದಾರೆ. ರೇಡಿಯೋ ಹೊತ್ತು ಮೇಲೆ ಹತ್ತಿದ ಆರ್ತ್ಯೋಮನನ್ನ ಬರೆದವರಿಗೇ ಈ ಗತಿ.

ಕೊನೇದಾಗಿ ಒಂದು ಕೆಲಸದ ಮಾತು. ಗ್ಲುಖೊವ್‌ಸ್ಕಿ ತಮ್ಮ ಮೆಟ್ರೋ ಲೋಕವನ್ನ 2009ರಿಂದ ಬೇರೆ ಬರಹಗಾರರಿಗೂ ಬಿಟ್ಟುಕೊಟ್ಟರು. ‘ಮೆಟ್ರೋ 2033ರ ಬ್ರಹ್ಮಾಂಡ’ ಅಂತ ಆ ಮಾಲೆಯ ಹೆಸರು. ಸೇಂಟ್ ಪೀಟರ್ಸ್‌ಬರ್ಗಿನವರು ತಮ್ಮ ಊರಿನ ಸುರಂಗದ ಕತೆ ಬರೆದರು, ಬೇರೆ ಊರಿನವರು ತಮ್ಮದನ್ನ ಬರೆದರು. ಕೊಯಮತ್ತೂರಿನದು ಯಾರೂ ಬರೆದಿಲ್ಲ, ಮೆಟ್ರೋ ಇಲ್ಲವಲ್ಲ. ಮಗ್ಗದ ಗುಂಡಿಯಿಂದ ಶುರುಮಾಡಿ. ದೇವಾಂಗದ ಹುಡುಗಿಗೆ ಸುರಂಗದಲ್ಲಿ ಒಕ್ಕಲಿಗರ ಹುಡುಗ ಎದುರಾಗಲಿ, ಇಬ್ಬರೂ ಮೊದಲು ತಮಿಳಲ್ಲೇ ಮಾತಾಡಲಿ, ಆಮೇಲೆ ಏನಾಗುತ್ತೋ ನೀವೇ ನೋಡಿ. ನಿಮ್ಮ ಮನೇಲಿ ಹೇಗೆ ಆಡ್ತೀರೋ ಹಾಗೇ ಬರೀರಿ, ಬೆಂಗಳೂರು ಕನ್ನಡ ಬೇಡ. ಕನ್ನಡ ಅಕ್ಷರ ಬರದವರು ತಮಿಳು ಅಕ್ಷರದಲ್ಲೇ ಬರೆದು ಕಳಿಸಿ. ಅದೂ ಆಗಲ್ಲ ಅಂದ್ರೆ ಅಜ್ಜಿ ಪಕ್ಕ ಕೂತು ಫೋನಲ್ಲಿ ರೆಕಾರ್ಡ್ ಮಾಡಿ, ಅಕ್ಷರಕ್ಕೆ ಇಳಿಸೋ ಕೆಲಸ ನಮಗೆ ಬಿಡಿ. ಮುಂದಿನ ತಿಂಗಳು ಬಂದಷ್ಟನ್ನ ಇಲ್ಲೇ ಓದೋಣ.